ರೋಗಿಯ ಋಣ

ವಿಜ್ಞಾನದ ಇತಿಹಾಸವನ್ನು ಬರೆಯುವವರು ವಿದ್ವಾಂಸರ ಹೆಸರುಗಳನ್ನು ಮರೆಯುವುದಿಲ್ಲ. ಅವರು ಬಳಸಿದ ಉಪಕರಣಗಳನ್ನೂ ಮರೆಯುವುದಿಲ್ಲ. ವೈದ್ಯವಿಜ್ಞಾನದ ಕಥೆಯಲ್ಲಿ ಮಾತ್ರ ಇನ್ನೊಬ್ಬನಿದ್ದಾನೆ. ಅವನು ಹಾಸಿಗೆ ಹಿಡಿದು ಮಲಗಿದ ರೋಗಿ. ಗ್ರಂಥಗಳಲ್ಲಿ ಅವನ ಹೆಸರು ಬರುವುದು ಅಪೂರ್ವ. ಬಂದರೂ ಒಂದೆರಡು ಅಕ್ಷರಗಳಿಗೆ ಮೊಟಕಾಗಿ ಬರುತ್ತದೆ. ನಮ್ಮ ರಕ್ತದಲ್ಲಿ ಹರಿದಾಡುತ್ತ ನಮ್ಮನ್ನು ಕಾಯುವ ಪ್ರೋಟೀನುಗಳು, ಎಂದರೆ ಪ್ರತಿಕಾಯಗಳು, ಎಂಥವು ಎಂಬುದನ್ನು ಮನುಷ್ಯ ಅರಿತುಕೊಂಡ ಚರಿತ್ರೆ ಆ ರೋಗಿಯ ಚರಿತ್ರೆಯೂ ಹೌದು. ಆರೋಗ್ಯವಂತರ ರಕ್ತ ಎಪ್ಪತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಗುಟ್ಟನ್ನು ಒಂದು ಮಾರಕ ರೋಗ ಹೇಗೆ ಬಿಟ್ಟುಕೊಟ್ಟಿತು ಎಂಬುದೇ ಈ ಭಾಷಣದ ವಿಷಯ.

ಸಿಡುಬು ಬಂದು ಬದುಕಿ ಉಳಿದವನಿಗೆ ಆ ರೋಗ ಮತ್ತೆ ತಗಲುವುದಿಲ್ಲವೆಂಬುದನ್ನು ನಮ್ಮ ಹಿಂದಿನವರೂ ಬಲ್ಲರು. ದೇಹ ಒಮ್ಮೆ ಕಂಡ ಶತ್ರುವನ್ನು ಮರೆಯುವುದಿಲ್ಲ. ಆದರೆ ಆ ನೆನಪು ಎಲ್ಲಿದೆ, ಯಾವ ವಸ್ತುವಿನ ರೂಪದಲ್ಲಿದೆ? ಇದಕ್ಕೆ ಮೊದಲ ಉತ್ತರ ದೊರೆತದ್ದು 1890ರ ಡಿಸೆಂಬರಿನಲ್ಲಿ, ಬರ್ಲಿನ್ ನಗರದಲ್ಲಿ. ರಾಬರ್ಟ್ ಕಾಕ್ ಅವರ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಎಮಿಲ್ ಬೆಹ್ರಿಂಗ್ ಮತ್ತು ಜಪಾನಿನಿಂದ ಬಂದಿದ್ದ ಶಿಬಾಸಬುರೊ ಕಿಟಸಾಟೊ ಧನುರ್ವಾಯುವಿನ ವಿಷಕ್ಕೆ ಹೊಂದಿಕೊಳ್ಳುವಂತೆ ಮಾಡಿದ ಮೊಲದ ರಕ್ತವನ್ನು ತೆಗೆದರು. ಅದು ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ಹಳದಿ ತಿಳಿಯನ್ನು, ಎಂದರೆ ಸೀರಮ್ಮನ್ನು, ಇಲಿಗಳಿಗೆ ಚುಚ್ಚಿದರು. ಆಮೇಲೆ ಅವಕ್ಕೆ ವಿಷ ಕೊಟ್ಟರೂ ಅವು ಸಾಯಲಿಲ್ಲ. ಮೊಲ ಗಳಿಸಿದ್ದ ರಕ್ಷಣೆ ಇಲಿಗೆ ದಾನವಾಗಿ ಬಂದಿತ್ತು. ಗಂಟಲಮಾರಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಕೆಲವೇ ವರ್ಷಗಳಲ್ಲಿ ಕುದುರೆಗಳ ಸೀರಮ್ಮಿನಿಂದ ಗಂಟಲಮಾರಿ ಹಿಡಿದ ಮಕ್ಕಳ ಪ್ರಾಣ ಉಳಿಯತೊಡಗಿತು. ವೈದ್ಯವಿಜ್ಞಾನಕ್ಕೆ ಮೀಸಲಾದ ಮೊಟ್ಟಮೊದಲ ನೊಬೆಲ್ ಪಾರಿತೋಷಕ 1901ರಲ್ಲಿ ಬೆಹ್ರಿಂಗ್ ಅವರಿಗೆ ಸಂದಿತು. ಕಿಟಸಾಟೊ ಅವರಿಗೆ ಅದರಲ್ಲಿ ಪಾಲು ದೊರೆಯಲಿಲ್ಲ.

ಆ ತಿಳಿಯಲ್ಲಿ ರಕ್ಷಿಸುವ ವಸ್ತುವೊಂದಿದೆ ಎಂಬುದು ಖಚಿತವಾಯಿತು. ಪಾಲ್ ಎರ್ಲಿಖ್ ಅದರ ಬಲವನ್ನು ಅಳೆಯುವ ಕ್ರಮವನ್ನು ರೂಪಿಸಿದರು. ವಿಷಕ್ಕೂ ಅದಕ್ಕೂ ಬೀಗಕ್ಕೂ ಕೀಲಿಕೈಗೂ ಇರುವಂಥ ಹೊಂದಾಣಿಕೆಯುಂಟೆಂದರು. ಆದರೆ ಆ ವಸ್ತುವನ್ನು ಯಾರೂ ಕಂಡಿರಲಿಲ್ಲ. ಮಾಡಿದ ಕೆಲಸ ಕಣ್ಣಿಗೆ ಬಿದ್ದಿತ್ತು, ಮಾಡಿದವನು ಕತ್ತಲೆಯಲ್ಲಿದ್ದ.

ಕತ್ತಲೆಯನ್ನು ಇನ್ನಷ್ಟು ದಟ್ಟವಾಗಿಸಿದವರು ಕಾರ್ಲ್ ಲ್ಯಾಂಡ್‌ಸ್ಟೈನರ್. ಮನುಷ್ಯರಲ್ಲಿ ರಕ್ತದ ಗುಂಪುಗಳುಂಟೆಂದು ತೋರಿಸಿಕೊಟ್ಟ ಮಹನೀಯರೇ ಇವರು. ರಸಾಯನಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ಸಣ್ಣ ಸಣ್ಣ ವಸ್ತುಗಳನ್ನು ಪ್ರೋಟೀನುಗಳಿಗೆ ಜೋಡಿಸಿ, ಅವನ್ನು ಪ್ರಾಣಿಗಳಿಗೆ ಚುಚ್ಚಿ ಅವರು ಪರೀಕ್ಷೆಗಳನ್ನು ನಡೆಸಿದರು. ಪ್ರಾಣಿಯ ದೇಹ ಅವುಗಳಿಗೂ ಪ್ರತಿಕಾಯಗಳನ್ನು ಮಾಡಿತು! ಸೃಷ್ಟಿಯಲ್ಲಿ ಎಂದೂ ಇಲ್ಲದಿದ್ದ, ನಿನ್ನೆ ತಾನೇ ಗಾಜಿನ ಬುರುಡೆಯಲ್ಲಿ ಹುಟ್ಟಿದ ವಸ್ತುವಿಗೆ ಸರಿಹೊಂದುವ ಪ್ರೋಟೀನನ್ನು ಮೊಲದ ದೇಹ ಮಾಡುವುದಾದರೂ ಹೇಗೆ? ಅಷ್ಟು ಅಪಾರವಾದ ಬಗೆಗಳನ್ನು ಅದು ಎಲ್ಲಿಂದ ತರುತ್ತದೆ?

1940ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಒಂದು ಸುಂದರವಾದ ಉತ್ತರ ಕೊಟ್ಟರು. ಪ್ರತಿಕಾಯಗಳೆಲ್ಲವೂ ಮೂಲದಲ್ಲಿ ಒಂದೇ ಸರಪಳಿ. ಹೊರಗಿನಿಂದ ಬಂದ ವಸ್ತುವಿನ ಮೈಗೆ ಒತ್ತಿಕೊಂಡು ಅದು ಬೇರೆ ಬೇರೆ ರೀತಿಯಲ್ಲಿ ಮಡಿಚಿಕೊಳ್ಳುತ್ತದೆ. ಎಂದರೆ ಶತ್ರುವೇ ಅಚ್ಚು, ಪ್ರತಿಕಾಯ ಅದರಲ್ಲಿ ಎರಕವಾಗುವ ಲೋಹ. ಈ ವಾದ ಬಹುಜನರ ಮನಸ್ಸಿಗೆ ಒಪ್ಪಿತು. ಇದು ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಪ್ರತಿಕಾಯವನ್ನು ಬಿಡಿಸಿ ನೋಡಬೇಕು. ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಎಲ್ಲ ಪ್ರತಿಕಾಯಗಳಲ್ಲೂ ಮಣಿಗಳ ಕ್ರಮ ಒಂದೇ ಆಗಿದ್ದರೆ ಪಾಲಿಂಗ್ ಅವರ ಮಾತು ನಿಲ್ಲುತ್ತದೆ. ಬೇರೆ ಬೇರೆ ಆಗಿದ್ದರೆ ಬೀಳುತ್ತದೆ. ಪ್ರಶ್ನೆ ಇಷ್ಟು ಸರಳ. ಆದರೆ ಮಣಿಗಳನ್ನು ಎಣಿಸಲು ಸರವೊಂದು ಕೈಗೆ ಸಿಕ್ಕಬೇಕಷ್ಟೆ.

ಅದು ಸಿಕ್ಕದೆ ಹೋದುದಕ್ಕೆ ಕಾರಣ ಬಡತನವಲ್ಲ, ಸಮೃದ್ಧಿ. 1939ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಆರ್ನೆ ಟಿಸೇಲಿಯಸ್ ಮತ್ತು ಅಮೆರಿಕದಿಂದ ಬಂದಿದ್ದ ತರುಣ ಎಲ್ವಿನ್ ಕಾಬಟ್ ಸೀರಮ್ಮಿನ ಪ್ರೋಟೀನುಗಳನ್ನು ವಿದ್ಯುತ್ತಿನ ಸೆಳೆತಕ್ಕೆ ಒಡ್ಡಿ ಬೇರ್ಪಡಿಸಿದ್ದರು. ಮೊಟ್ಟೆಯ ಬಿಳಿಯ ಪ್ರೋಟೀನನ್ನು ಚುಚ್ಚಿಸಿಕೊಂಡಿದ್ದ ಮೊಲದ ಸೀರಮ್ಮಿನಲ್ಲಿ ಗ್ಯಾಮಾ ಗ್ಲಾಬ್ಯುಲಿನ್ ಎಂಬ ಭಾಗ ದೊಡ್ಡ ಗುಡ್ಡವಾಗಿ ಎದ್ದು ಕಂಡಿತು. ಅದೇ ಸೀರಮ್ಮಿಗೆ ಆ ಪ್ರೋಟೀನನ್ನು ಬೆರೆಸಿ, ಅದರೊಡನೆ ಕೂಡಿ ತಳಕ್ಕಿಳಿದ ಪ್ರತಿಕಾಯವನ್ನು ತೆಗೆದುಬಿಟ್ಟಾಗ ಗುಡ್ಡ ಕುಗ್ಗಿತು. ಪ್ರತಿಕಾಯಗಳ ಬೀಡು ಯಾವುದೆಂಬುದು ಹೀಗೆ ಗೊತ್ತಾಯಿತು. ಆದರೆ ಆ ಬೀಡಿನಲ್ಲಿ ಜಾತ್ರೆಯ ಜನ! ಬದುಕಿನಲ್ಲಿ ತಗಲಿದ ಪ್ರತಿಯೊಂದು ಸೋಂಕಿಗೂ ಒಂದೊಂದು ಬಗೆಯ ಪ್ರತಿಕಾಯ, ಒಂದರಂತೆ ಇನ್ನೊಂದಿಲ್ಲ; ನೋಡಲು ಮಾತ್ರ ಎಲ್ಲವೂ ಒಂದೇ ಗಾತ್ರ, ಒಂದೇ ತೂಕ. ಕೇಂಬ್ರಿಡ್ಜಿನ ಫ್ರೆಡರಿಕ್ ಸ್ಯಾಂಗರ್ 1955ರ ವೇಳೆಗೆ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಕ್ರಮವನ್ನು ಪೂರ್ಣವಾಗಿ ಓದಿ ಮುಗಿಸಿದರು. ಶುದ್ಧವಾದ ಇನ್ಸುಲಿನ್ ಬೇಕಾದಷ್ಟು ದೊರೆಯುತ್ತಿತ್ತು. ಶುದ್ಧವಾದ ಒಂದೇ ಒಂದು ಪ್ರತಿಕಾಯ ಮಾತ್ರ ಯಾವ ಆರೋಗ್ಯವಂತನ ರಕ್ತದಿಂದಲೂ ದೊರೆಯುವಂತಿರಲಿಲ್ಲ. ಸಂತೆಯ ಗದ್ದಲದಲ್ಲಿ ಒಬ್ಬನ ಮಾತನ್ನು ಮಾತ್ರ ಕೇಳಿಸಿಕೊಳ್ಳುವುದು ಹೇಗೆ?

ಇಲ್ಲಿ ನಾವು ನೂರು ವರ್ಷ ಹಿಂದಕ್ಕೆ ಹೋಗಬೇಕು. ಏಕೆಂದರೆ, ಒಬ್ಬನ ಮಾತು ಆಗಲೇ ಕೇಳಿಬಂದಿತ್ತು. ಅದು ಯಾರ ಮಾತೆಂದು ಅಂದು ಯಾರಿಗೂ ತಿಳಿದಿರಲಿಲ್ಲ.

1845ರಲ್ಲಿ ಲಂಡನ್ನಿನಲ್ಲಿ ಥಾಮಸ್ ಅಲೆಕ್ಸಾಂಡರ್ ಮೆಕ್‌ಬೀನ್ ಎಂಬ ವರ್ತಕನಿದ್ದ. ವಯಸ್ಸು 45, ಮರ್ಯಾದಸ್ಥ. ಹಿಂದಿನ ವರ್ಷ ವಿಹಾರಕ್ಕೆಂದು ಹೋಗಿದ್ದಾಗ ನೆಲದಡಿಯ ಗವಿಯೊಂದರಿಂದ ಮೇಲಕ್ಕೆ ನೆಗೆಯುವ ಹೊತ್ತಿನಲ್ಲಿ ಎದೆಯೊಳಗೆ ಏನೋ ಪಟ್ಟನೆ ಮುರಿದಂತೆ ಅವನಿಗೆ ಅನ್ನಿಸಿತು. ಅಂದಿನಿಂದ ನೋವು ಬಿಡಲಿಲ್ಲ. ಆ ಕಾಲದ ವೈದ್ಯಪದ್ಧತಿಯಂತೆ ರಕ್ತ ತೆಗೆದರು, ಜಿಗಣೆ ಹಿಡಿಸಿದರು, ಕಬ್ಬಿಣದ ಔಷಧ, ಕ್ವಿನೈನು ಕೊಟ್ಟರು. ನಡುವೆ ಕೆಲವು ಕಾಲ ನೋವು ತಗ್ಗಿತು, ಮತ್ತೆ ಮರುಕಳಿಸಿತು. ವೈದ್ಯರಾದ ವಿಲಿಯಂ ಮ್ಯಾಕಿಂಟೈರ್ ಅವನ ಮೂತ್ರವನ್ನು ಕಾಯಿಸಿ ನೋಡಿದಾಗ ಅದರ ನಡತೆ ವಿಚಿತ್ರವಾಗಿ ತೋರಿತು. ಅವರೂ ಹಿರಿಯ ವೈದ್ಯರಾದ ಥಾಮಸ್ ವಾಟ್ಸನ್ ಅವರೂ ಅದನ್ನು ಪರೀಕ್ಷೆಗೆಂದು ಹೆನ್ರಿ ಬೆನ್ಸ್ ಜೋನ್ಸ್ ಎಂಬ ತರುಣ ರಸಾಯನಜ್ಞ ವೈದ್ಯನಿಗೆ ಕಳುಹಿಸಿಕೊಟ್ಟರು. 1845ರ ನವೆಂಬರ್ 1ರಂದು ಒಂದು ನಳಿಗೆಯ ಜೊತೆಗೆ ಹೋದ ವಾಟ್ಸನ್ನರ ಪುಟ್ಟ ಕಾಗದ ಮೂತ್ರದ ಗುಣವನ್ನು ನಾಲ್ಕು ಮಾತಿನಲ್ಲಿ ವಿವರಿಸಿ, ಇದೇನು ಎಂದು ಕೇಳುತ್ತದೆ. ಅಷ್ಟೆ.

ಬೆನ್ಸ್ ಜೋನ್ಸ್ ಶ್ರದ್ಧೆಯಿಂದ ಪರೀಕ್ಷಿಸಿದರು. ಸಾಮಾನ್ಯವಾಗಿ ಪ್ರೋಟೀನನ್ನು ಕಾಯಿಸಿದರೆ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಕರಗುವುದಿಲ್ಲ. ಈ ವಸ್ತುವಾದರೋ ಸ್ವಲ್ಪ ಬಿಸಿಯಾದಾಗ ಕದಡಿತು. ಕುದಿಯುವ ಹೊತ್ತಿಗೆ ಕರಗಿ ತಿಳಿಯಾಯಿತು. ಆರಿದಾಗ ಮತ್ತೆ ಗಟ್ಟಿಯಾಗಿ ಕಾಣಿಸಿಕೊಂಡಿತು. ರೋಗಿ ದಿನವೊಂದಕ್ಕೆ 60 ಗ್ರಾಮಿಗೂ ಹೆಚ್ಚು ಪ್ರೋಟೀನನ್ನು ಹೀಗೆ ಕಳೆದುಕೊಳ್ಳುತ್ತಿದ್ದಾನೆಂದು ಅವರು ಲೆಕ್ಕ ಹಾಕಿದರು. 1846 ಆರಂಭವಾಗುತ್ತಿದ್ದಂತೆಯೇ ಮೆಕ್‌ಬೀನ್ ತೀರಿಕೊಂಡ. ಶವಪರೀಕ್ಷೆಯಲ್ಲಿ ಅವನ ಪಕ್ಕೆಲುಬುಗಳು ಚಾಕುವಿಗೆ ಸುಲಭವಾಗಿ ತುಂಡಾಗುವಷ್ಟು ಮೆತ್ತಗಾಗಿದ್ದವು. ಬೆನ್ಸ್ ಜೋನ್ಸ್ ಈ ವಸ್ತುವಿಗೆ ಕೊಟ್ಟ ರಾಸಾಯನಿಕ ಹೆಸರು ಕಾಲದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೆ ಎಲುಬು ಮೆತ್ತಗಾಗುವ ರೋಗಿಗಳಲ್ಲಿ ಈ ವಸ್ತುವನ್ನು ಮತ್ತೆ ಹುಡುಕಬೇಕು ಎಂದು ಅವರು ಬರೆದಿಟ್ಟ ಎಚ್ಚರಿಕೆಯ ಮಾತು ನಿಂತಿತು. ವೈದ್ಯರು ಹುಡುಕಿದರು, ಮತ್ತೆ ಮತ್ತೆ ಕಂಡರು. ಅದಕ್ಕೆ ಬೆನ್ಸ್ ಜೋನ್ಸ್ ಪ್ರೋಟೀನು ಎಂದೇ ಹೆಸರಾಯಿತು. ಮೂತ್ರ ಯಾರದ್ದೋ ಅವನ ಹೆಸರು ಅದಕ್ಕೆ ಅಂಟಲಿಲ್ಲ.

ಆ ರೋಗವನ್ನು ಈಗ ಮೈಲೋಮಾ ಎನ್ನುತ್ತಾರೆ. ಎಲುಬಿನೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂಬ ಒಂದು ಬಗೆಯ ಜೀವಕೋಶಗಳು ಮಿತಿಮೀರಿ ಬೆಳೆಯುವ ಅರ್ಬುದ ಅದು. ಈ ಕೋಶಗಳ ಕೆಲಸವೇನೆಂಬುದು ಬಹುಕಾಲ ತಿಳಿದಿರಲಿಲ್ಲ. ಪ್ರತಿಕಾಯಗಳನ್ನು ತಯಾರಿಸುವವು ಈ ಪ್ಲಾಸ್ಮಾ ಕೋಶಗಳೇ ಎಂಬುದಕ್ಕೆ ಬಲವಾದ ಆಧಾರವನ್ನು 1948ರಲ್ಲಿ ಸ್ಟಾಕ್‌ಹೋಮಿನ ಆಸ್ಟ್ರಿಡ್ ಫಾಗ್ರೇಯಸ್ ಎಂಬ ಮಹಿಳೆ ತಮ್ಮ ಪ್ರಬಂಧದಲ್ಲಿ ಒದಗಿಸಿದರು. ಎರಡು ಸಂಗತಿಗಳನ್ನೂ ಕೂಡಿಸಿ ನೋಡಿದರೆ ಅರ್ಥ ತಾನಾಗಿ ಹೊಳೆಯುತ್ತದೆ. ಆರೋಗ್ಯವಂತನಲ್ಲಿ ಅಸಂಖ್ಯ ಪ್ಲಾಸ್ಮಾ ಕೋಶಗಳುಂಟು. ಒಂದೊಂದು ಸಂತತಿಯೂ ತನ್ನದೇ ಪ್ರತಿಕಾಯವನ್ನು ಮಾಡುತ್ತದೆ. ಮೈಲೋಮಾ ರೋಗಿಯಲ್ಲಿ ಒಂದೇ ಕೋಶ ಕಟ್ಟು ತಪ್ಪಿ ಸಾವಿರ, ಲಕ್ಷ, ಕೋಟಿಯಾಗುತ್ತದೆ. ಆ ಕೋಟಿ ಕೋಶಗಳೂ ಮಾಡುವುದು ಒಂದೇ ಪ್ರೋಟೀನು. ಸಂತೆಯ ಜನವೆಲ್ಲ ಒಂದೇ ಮಾತನ್ನು ಒಂದೇ ದನಿಯಲ್ಲಿ ಆಡಿದಂತೆ! ರಸಾಯನಜ್ಞ ಎಷ್ಟು ಪ್ರಯತ್ನಪಟ್ಟರೂ ಪಡೆಯಲಾರದೆ ಹೋದ ಶುದ್ಧಿಯನ್ನು ರೋಗ ತಾನೇ ತಾನಾಗಿ ಸಾಧಿಸಿತ್ತು.

ಆದರೂ ವಿದ್ವಾಂಸರು ಬಹುಕಾಲ ಈ ಪ್ರೋಟೀನನ್ನು ನಂಬಲಿಲ್ಲ. ರೋಗಿಯ ದೇಹ ಮಾಡಿದ್ದು ಕೆಟ್ಟ ಸರಕು, ಅದರಿಂದ ಒಳ್ಳೆಯದರ ಲಕ್ಷಣ ತಿಳಿಯದು ಎಂಬ ಭಾವನೆ ಬಲವಾಗಿತ್ತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಹೆನ್ರಿ ಕುಂಕೆಲ್ ಈ ಭಾವನೆಯನ್ನು ಪ್ರಶ್ನಿಸಿದರು. ಮೈಲೋಮಾ ಪ್ರೋಟೀನುಗಳು ಸಹಜವಾದ ಗ್ಯಾಮಾ ಗ್ಲಾಬ್ಯುಲಿನ್ನಿನ ಹತ್ತಿರದ ಬಂಧುಗಳೆಂದು 1950ರ ದಶಕದಲ್ಲಿ ಅವರು ತೋರಿಸುತ್ತ ಬಂದರು. ಅವರ ಬಳಿಗೆ 1957ರಲ್ಲಿ ಶಿಷ್ಯನಾಗಿ ಬಂದವರು ಜೆರಾಲ್ಡ್ ಎಡೆಲ್ಮನ್, ಸೈನ್ಯದಲ್ಲಿ ವೈದ್ಯರಾಗಿದ್ದು ಬಂದ ತರುಣ.

ಇದೇ ಕಾಲಕ್ಕೆ ಲಂಡನ್ನಿನಲ್ಲಿ, ಸ್ಯಾಂಗರ್ ಅವರ ಶಿಷ್ಯರಾದ ರಾಡ್ನಿ ಪೋರ್ಟರ್ ಬೇರೆ ದಾರಿ ಹಿಡಿದಿದ್ದರು. ಅವರು ಬಳಸಿದ ಅಸ್ತ್ರ ನಮಗೆ ಚಿರಪರಿಚಿತವಾದ ಪರಂಗಿಯದು. ಪರಂಗಿಕಾಯಿಯ ಹಾಲಿನಲ್ಲಿ ಪಪೇನ್ ಎಂಬ ವಸ್ತುವುಂಟು. ಪ್ರೋಟೀನನ್ನು ಕತ್ತರಿಸುವುದು ಅದರ ಗುಣ. ಮೊಲದ ಪ್ರತಿಕಾಯಗಳ ಮೇಲೆ ಪೋರ್ಟರ್ ಅದನ್ನು ಪ್ರಯೋಗಿಸಿದಾಗ ಅವು ಚೂರುಚೂರಾಗದೆ, ಹೆಚ್ಚುಕಡಿಮೆ ಸಮಾನವಾದ ಮೂರು ತುಂಡುಗಳಾದವು. ಅವುಗಳಲ್ಲಿ ಎರಡಕ್ಕೆ ಶತ್ರುವನ್ನು ಹಿಡಿಯುವ ಶಕ್ತಿ ಉಳಿದಿತ್ತು. ಮೂರನೆಯದು ಹಿಡಿಯಲಿಲ್ಲ, ಆದರೆ ತಾನಾಗಿ ಹರಳುಗಟ್ಟಿತು. ಇದು 1959ರ ಮಾತು. ಒಂದರಂತೆ ಇನ್ನೊಂದಿರುವ ಅಣುಗಳು ಮಾತ್ರ ಒಪ್ಪವಾಗಿ ಹರಳುಗಟ್ಟಬಲ್ಲವು. ಆದ್ದರಿಂದ ಪ್ರತಿಕಾಯಗಳಲ್ಲಿ ಎಲ್ಲಕ್ಕೂ ಸಮಾನವಾದ ಒಂದು ಭಾಗವಿದೆ, ಒಂದೊಂದಕ್ಕೂ ವಿಶಿಷ್ಟವಾದ ಇನ್ನೊಂದು ಭಾಗವಿದೆ ಎಂಬ ಸುಳಿವು ಅಲ್ಲಿ ದೊರೆಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಎಡೆಲ್ಮನ್ ಪ್ರತಿಕಾಯದ ಗಂಧಕದ ಬಂಧಗಳನ್ನು ಬಿಚ್ಚಿ, ಅದು ಒಂದೇ ಸರಪಳಿಯಲ್ಲ, ಹಲವು ಸರಪಳಿಗಳ ಕೂಟ ಎಂಬುದನ್ನು ತೋರಿಸಿದರು. ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ, ಒಟ್ಟು ನಾಲ್ಕು ಎಂಬ ಚಿತ್ರವನ್ನು 1962ರಲ್ಲಿ ಪೋರ್ಟರ್ ಮುಂದಿಟ್ಟರು.

ಆ 1962ರಲ್ಲಿಯೇ ಲಂಡನ್ನಿನ ಹಳೆಯ ನಳಿಗೆಗೂ ನ್ಯೂಯಾರ್ಕಿನ ಹೊಸ ನಳಿಗೆಗೂ ಸಂಬಂಧ ಬೆಳೆಯಿತು. ಬೆನ್ಸ್ ಜೋನ್ಸ್ ಪ್ರೋಟೀನು ಪ್ರತಿಕಾಯದ ಹಗುರ ಸರಪಳಿಯೇ ಇರಬಹುದೆ ಎಂಬ ಸಂದೇಹ ಎಡೆಲ್ಮನ್ ಅವರಿಗೂ ಅವರ ಶಿಷ್ಯ ಜೋಸೆಫ್ ಗ್ಯಾಲಿಗೂ ಬಂದಿತು. ಆರೋಗ್ಯವಂತರಾದ ಆ ಇಬ್ಬರು ತಮ್ಮ ಸ್ವಂತ ರಕ್ತದಿಂದಲೇ ಹಗುರ ಸರಪಳಿಗಳನ್ನು ಬೇರ್ಪಡಿಸಿ ಕಾಯಿಸಿದರು. ದ್ರವ ಮೊದಲು ಕದಡಿತು. ಇನ್ನಷ್ಟು ಕಾಯಿಸಿದಾಗ ತಿಳಿಯಾಯಿತು. ಮೆಕ್‌ಬೀನನ ಮೂತ್ರ 117 ವರ್ಷಗಳ ಹಿಂದೆ ನಡೆದುಕೊಂಡಂತೆಯೇ ಅವರ ರಕ್ತದ ಪ್ರೋಟೀನೂ ನಡೆದುಕೊಂಡಿತ್ತು. ರೋಗಿಯದ್ದು ಕೆಟ್ಟ ಸರಕೆಂಬ ಅನುಮಾನ ಆ ಹಬೆಯಲ್ಲಿ ಆರಿಹೋಯಿತು. ವಾಟ್ಸನ್ನರ ಕಾಗದದ ಪ್ರಶ್ನೆಗೆ ಉತ್ತರ ದೊರೆತದ್ದು ಆಗ.

ಅಲ್ಲಿಂದ ಮುಂದೆ ಕೆಲಸ ತ್ವರಿತವಾಗಿ ನಡೆಯಿತು. ಮೈಲೋಮಾ ರೋಗಿಗಳ ಮೂತ್ರ ಈಗ ಶುದ್ಧ ಪ್ರತಿಕಾಯಭಾಗದ ಅಕ್ಷಯಪಾತ್ರೆ. 1965ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಹಿಲ್ಷ್‌ಮನ್ ಮತ್ತು ಕ್ರೇಗ್ ಬೇರೆ ಬೇರೆ ರೋಗಿಗಳ ಬೆನ್ಸ್ ಜೋನ್ಸ್ ಪ್ರೋಟೀನುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರು. ಸುಮಾರು 214 ಮಣಿಗಳ ಸರದಲ್ಲಿ ಒಂದು ಅರ್ಧ ಹೆಚ್ಚುಕಡಿಮೆ ಒಂದೇ ಆಗಿತ್ತು. ಇನ್ನೊಂದು ಅರ್ಧ ರೋಗಿಯಿಂದ ರೋಗಿಗೆ ಬದಲಾಗಿತ್ತು. ಎಂದರೆ ಮಣಿಗಳ ಕ್ರಮವೇ ಬೇರೆ! ಎಲ್ಲ ಪ್ರತಿಕಾಯಗಳೂ ಮೂಲದಲ್ಲಿ ಒಂದೇ ಎಂಬ ಪಾಲಿಂಗ್ ಅವರ ಅಚ್ಚಿನ ವಾದಕ್ಕೆ ಇನ್ನು ನೆಲೆಯಿರಲಿಲ್ಲ. ಅದರ ಸ್ಥಾನದಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ 1957ರಲ್ಲಿ ಹೇಳಿದ್ದ ಮಾತು ನಿಂತಿತು: ಶತ್ರು ದೇಹಕ್ಕೆ ಏನನ್ನೂ ಕಲಿಸುವುದಿಲ್ಲ, ದೇಹದಲ್ಲಿ ಅಸಂಖ್ಯ ಬಗೆಯ ಕೋಶಗಳು ಮೊದಲೇ ಸಿದ್ಧವಾಗಿರುತ್ತವೆ, ಶತ್ರು ತನಗೆ ಹೊಂದುವ ಕೋಶವನ್ನು ಮುಟ್ಟಿದಾಗ ಅದು ಬೆಳೆದು ವಂಶ ಕಟ್ಟುತ್ತದೆ. ಮೈಲೋಮಾ ಇಂಥದೇ ಒಂದು ವಂಶ, ಕಡಿವಾಣ ಕಳಚಿಕೊಂಡ ವಂಶ.

ಉಪ್ಸಾಲದಲ್ಲಿ ತರುಣನಾಗಿದ್ದ ಕಾಬಟ್ ಮೂವತ್ತು ವರ್ಷಗಳ ಮೇಲೆ ಮತ್ತೆ ಈ ಕಥೆಗೆ ಬರುತ್ತಾರೆ. 1970ರಲ್ಲಿ ಅವರೂ ತೈ ತೆ ವೂ ಅವರೂ ಅದುವರೆಗೆ ಪ್ರಕಟವಾಗಿದ್ದ 77 ಸರಪಳಿಗಳನ್ನು ಒಂದರ ಕೆಳಗೊಂದು ಬರೆದು, ಒಂದೊಂದು ಸ್ಥಾನದಲ್ಲಿಯೂ ಎಷ್ಟು ಬದಲಾವಣೆಯಿದೆ ಎಂದು ಎಣಿಸಿದರು. ಹಳಗನ್ನಡ ಕಾವ್ಯವೊಂದರ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವ ಸಂಪಾದಕರ ಕೆಲಸದಂಥದು ಇದು. ಮೂರು ಎಡೆಗಳಲ್ಲಿ ಪಾಠಾಂತರಗಳು ಅತಿಶಯವಾಗಿದ್ದವು. ಪ್ರತಿಕಾಯ ಶತ್ರುವನ್ನು ಮುಟ್ಟುವುದು ಆ ಎಡೆಗಳಲ್ಲಿಯೇ ಎಂದು ಅವರು ಊಹಿಸಿದರು. ಅಣುವಿನ ಆಕಾರವನ್ನು ಕಂಡ ಮೇಲೆ ಆ ಊಹೆ ದೃಢಪಟ್ಟಿತು. ಇದಕ್ಕೆ ಮುನ್ನ, 1969ರಲ್ಲಿ, ಎಡೆಲ್ಮನ್ ಅವರ ತಂಡ 1,300ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದು ಸಂಪೂರ್ಣ ಪ್ರತಿಕಾಯದ ಕ್ರಮವನ್ನು ಓದಿ ಮುಗಿಸಿತ್ತು. ಅದೂ ಒಬ್ಬ ಮೈಲೋಮಾ ರೋಗಿಯದೇ. 1972ರಲ್ಲಿ ಪೋರ್ಟರ್ ಮತ್ತು ಎಡೆಲ್ಮನ್ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ರೋಗದಿಂದ ಕಲಿತದ್ದನ್ನು ಉಪಕರಣವಾಗಿ ಮಾಡಿಕೊಳ್ಳುವ ಹೆಜ್ಜೆ ಇನ್ನೂ ಉಳಿದಿತ್ತು. 1975ರಲ್ಲಿ ಕೇಂಬ್ರಿಡ್ಜಿನಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಆ ಹೆಜ್ಜೆಯನ್ನಿಟ್ಟರು. ಪ್ರತಿಕಾಯ ಮಾಡುವ ಸಹಜ ಕೋಶ ದೇಹದ ಹೊರಗೆ ಬೇಗನೆ ಸಾಯುತ್ತದೆ. ಮೈಲೋಮಾ ಕೋಶಕ್ಕೆ ಸಾವಿಲ್ಲ. ಇಲಿಯ ಗುಲ್ಮದಿಂದ ತೆಗೆದ ಮೊದಲನೆಯದನ್ನೂ ಇಲಿಯದೇ ಆದ ಎರಡನೆಯದನ್ನೂ ಅವರು ಬೆಸೆದರು. ಹುಟ್ಟಿದ ಸಂತಾನಕ್ಕೆ ಒಂದರ ವಿದ್ಯೆ ಬಂದಿತು, ಇನ್ನೊಂದರ ಆಯುಸ್ಸು ಬಂದಿತು. ಬೇಕೆಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವುದು ಆಗ ಸಾಧ್ಯವಾಯಿತು. ಮರುವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸುಸುಮು ತೊನೆಗಾವ ಅಸಂಖ್ಯ ಬಗೆಗಳ ಮೂಲವನ್ನು ಬಯಲಿಗೆಳೆದರು. ಕೋಶ ಬೆಳೆಯುವಾಗ ಬೇರೆ ಬೇರೆ ಎಡೆಗಳಲ್ಲಿದ್ದ ಜೀನಿನ ತುಂಡುಗಳು ಸೇರಿಕೊಂಡು ಹೊಸ ಹೊಸ ಜೋಡಣೆಗಳಾಗುತ್ತವೆ. ಕೆಲವು ತುಂಡುಗಳಿಂದಲೇ ಲೆಕ್ಕವಿಲ್ಲದಷ್ಟು ಪ್ರತಿಕಾಯಗಳು ಹುಟ್ಟುತ್ತವೆ. ಲ್ಯಾಂಡ್‌ಸ್ಟೈನರ್ ಒಡ್ಡಿದ್ದ ಒಗಟು ಹೀಗೆ ಒಡೆಯಿತು. ತೊನೆಗಾವ ತಮ್ಮ ಪರೀಕ್ಷೆಗೆ ಬಳಸಿದ್ದೂ ಇಲಿಯ ಮೈಲೋಮಾ ಕೋಶಗಳನ್ನೇ.

ಈಗ ರೋಗಿಯ ಕಡೆಗೆ ಮರಳೋಣ. ಮೈಲೋಮಾ ಪ್ರೋಟೀನುಗಳಿಗೆ ಹೆಸರಿಡುವಾಗ ರೋಗಿಯ ಹೆಸರಿನಿಂದ ಎರಡು ಮೂರು ಅಕ್ಷರಗಳನ್ನು ತೆಗೆದುಕೊಳ್ಳುವುದು ರೂಢಿಯಾಗಿತ್ತು. 1965ರ ಪ್ರೋಟೀನುಗಳು ‘ರಾಯ್’ ಮತ್ತು ‘ಕಮ್’; 1969ರದು ‘ಈಯು’. ಇವರು ಯಾರು, ಏನು ಉದ್ಯೋಗ ಮಾಡಿಕೊಂಡಿದ್ದರು, ಮನೆಯಲ್ಲಿ ಯಾರಿದ್ದರು ಎಂಬುದನ್ನು ಆ ಪ್ರಬಂಧಗಳು ಹೇಳುವುದಿಲ್ಲ. ಅವರ ದೇಹ ಕೊಟ್ಟ ಅರಿವಿನಿಂದ ಅವರ ರೋಗ ಗುಣವಾಗಲಿಲ್ಲ. ಆದರೆ ಇಂದಿಗೂ ಪ್ರಪಂಚದ ಯಾವ ಪ್ರಯೋಗಶಾಲೆಯಲ್ಲೇ ಆಗಲಿ, ಮನುಷ್ಯನ ಪ್ರತಿಕಾಯದ ಬದಲಾಗದ ಭಾಗದಲ್ಲಿ ಇಂಥ ಅಮೈನೋ ಆಮ್ಲ ಎಷ್ಟನೆಯದು ಎಂದು ಹೇಳಬೇಕಾದರೆ ‘ಈಯು’ ಎಣಿಕೆಯಂತೆ ಎಂದು ಸೇರಿಸುವ ಪದ್ಧತಿಯಿದೆ. ಹೆಸರು ತಿಳಿಯದ ಒಬ್ಬ ರೋಗಿಯ ಪ್ರೋಟೀನು ಮನುಕುಲಕ್ಕೆ ಅಳತೆಗೋಲಾಗಿ ನಿಂತಿದೆ.

ಕೋಲರ್ ಮತ್ತು ಮಿಲ್‌ಸ್ಟೈನ್ ತೆರೆದ ದಾರಿಯಲ್ಲಿ ಬಂದ ಪ್ರತಿಕಾಯಗಳು 1986ರಿಂದ ಔಷಧಗಳಾಗಿವೆ. ಆ ವರ್ಷ ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಅವುಗಳಲ್ಲೊಂದು ನೆರವಿಗೆ ಬಂದಿತು. ಆಮೇಲೆ ಹಲವು ಬಗೆಯ ಅರ್ಬುದಗಳಿಗೂ ಕೀಲುರೋಗಗಳಿಗೂ ಬಂದವು. 2015ರ ನವೆಂಬರಿನಲ್ಲಿ, ಎಂದರೆ ವಾಟ್ಸನ್ನರ ಕಾಗದಕ್ಕೆ ಸರಿಯಾಗಿ 170 ವರ್ಷ ತುಂಬಿದ ತಿಂಗಳಿನಲ್ಲಿ, ಅಮೆರಿಕದಲ್ಲಿ ಡಾರಾಟುಮುಮ್ಯಾಬ್ ಎಂಬ ಪ್ರತಿಕಾಯಕ್ಕೆ ಔಷಧವೆಂದು ಒಪ್ಪಿಗೆ ದೊರೆಯಿತು. ಅದು ಹುಡುಕಿ ಹಿಡಿಯುವುದು ಮೈಲೋಮಾ ಕೋಶವನ್ನೇ. ಆ ರೋಗವನ್ನು ಬೇರುಸಹಿತ ಕೀಳುವ ಮದ್ದು ಹೆಚ್ಚಿನ ರೋಗಿಗಳಿಗೆ ಇನ್ನೂ ಎಟುಕಿಲ್ಲ. ಆದರೆ ಬದುಕಿಗೆ ವರ್ಷಗಳು ಕೂಡುತ್ತಿವೆ. ಮೆಕ್‌ಬೀನ್ ವರ್ತಕ, ಲೆಕ್ಕದ ಭಾಷೆ ಬಲ್ಲವನು. ಅವನ ಖಾತೆಯಲ್ಲಿ ಅಸಲು ಇನ್ನೂ ಬಾಕಿಯಿದೆ. ಬಡ್ಡಿಯ ಒಂದು ಕಂತು ಮಾತ್ರ ಸಂದಿದೆ.